ಲಾಂಚಿಗೆ ಕಾಯದ ವರ್ಷ

(2025ರ ಡಿಸೆಂಬರ್ ಕೊನೆಯ ಭಾನುವಾರ ಸಾಗರದಲ್ಲಿ ಓದುಗರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ವರ್ಷ ಏನೇನಾಯಿತು ಅಂತ ಒಂದು ಗಂಟೆ ಮಾತಾಡಿ ಎಂದು ಕರೆದರು. ಒಪ್ಪಿಕೊಂಡು ಮನೆಗೆ ಹೋದೆ. ಅಟ್ಟದ ಮೇಲೆ ಕಟ್ಟಿಟ್ಟಿದ್ದ ಪೇಪರ್ ಎಲ್ಲ ಕೆಳಗಿಳಿಸಿದೆ. ಜನವರಿಯಿಂದ ಶುರು ಮಾಡಿ ಒಂದೊಂದೇ ಮಗುಚುತ್ತಾ ಕೂತೆ. ಎರಡು ದಿನ ಹಿಡಿಯಿತು. ಆಗ ದೊಡ್ಡ ಅಕ್ಷರದಲ್ಲಿ ಬಂದ ಎಷ್ಟೋ ಸುದ್ದಿಯನ್ನು ಈಗ ಓದಿದರೆ ಇದಕ್ಕೆ ಇಷ್ಟೊಂದು ಗಲಾಟೆ ಯಾಕಾಯಿತು ಅಂತಲೇ ಹೊಳೆಯಲಿಲ್ಲ. ಒಳಪುಟದ ಮೂಲೆಯಲ್ಲಿದ್ದ ಕೆಲವು ಸುದ್ದಿ ಓದಿದಾಗ ಮಾತ್ರ ಪೇಪರ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕಾಯಿತು.

ಹಾಗಾಗಿ ಟೀವಿಯವರು ಮಾಡುವ ಹಾಗೆ ತಿಂಗಳಿಂದ ತಿಂಗಳಿಗೆ ಹೋಗುವುದಿಲ್ಲ. ನಾನು ಶರಾವತಿ ಸೀಮೆಯವಳು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಇಲ್ಲೇ ಹೈಸ್ಕೂಲಿನಲ್ಲಿ ಪಾಠ ಮಾಡಿದವಳು. ಹೊಳೆ ದಂಡೆಯ ಮೇಲೆ ನಿಂತೇ ಈ ವರ್ಷವನ್ನು ನೋಡುತ್ತೇನೆ. ಅಲ್ಲಿಂದ ನೋಡಿದರೆ ನನಗೆ ಮತ್ತೆ ಮತ್ತೆ ಒಂದೇ ಲೆಕ್ಕ ಕಾಣುತ್ತದೆ. ಈ ನೆಲದ ಜನ ಏನು ಕೊಟ್ಟರು, ಅವರಿಗೆ ಏನು ವಾಪಸ್ ಬಂತು, ಬರುವುದಕ್ಕೆ ಎಷ್ಟು ವರ್ಷ ಹಿಡಿಯಿತು ಎನ್ನುವ ಲೆಕ್ಕ.

ವರ್ಷ ಶುರುವಾಗಿ ಐದನೇ ದಿನಕ್ಕೆ ಕಾದಂಬರಿಕಾರ ನಾ. ಡಿಸೋಜ ಹೋದರು. ಜನವರಿ 5, ಭಾನುವಾರ. ಅವರಿಗೆ 87 ವರ್ಷ. ತೀರಿಕೊಂಡದ್ದು ಮಂಗಳೂರಿನ ಆಸ್ಪತ್ರೆಯಲ್ಲಿ. ಆದರೆ ಅವರು ನಮ್ಮವರು, ಸಾಗರದಲ್ಲೇ ಹುಟ್ಟಿದವರು. ಈ ಕೋಣೆಯಲ್ಲಿ ಕೂತ ಎಷ್ಟೋ ಜನ ಅವರ ಮಾತು ಕೇಳಿದ್ದೀರಿ, ಅಲ್ವಾ?

ಅವರ ಬಗ್ಗೆ ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ. ಮುಂದೆ ಹೇಳುವುದಕ್ಕೆಲ್ಲ ಅವರೇ ಬೇಕು.

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೂ ಮುಂಚೆ ಇದೇ ಹೊಳೆಗೆ ಹಿರೇಭಾಸ್ಕರದಲ್ಲಿ ಒಂದು ಅಣೆಕಟ್ಟು ಇತ್ತು. ಮಡೆನೂರು ಡ್ಯಾಂ ಎಂದು ನಾವು ಕರೆಯುವುದು ಅದನ್ನೇ. ಜೋಗದ ಕೆಳಗಿನ ವಿದ್ಯುದಾಗಾರಕ್ಕೆ ನೀರು ಕೊಟ್ಟದ್ದು ಅದು. ಆಮೇಲೆ ಲಿಂಗನಮಕ್ಕಿ ಬಂತು, ಮೊದಲ ಡ್ಯಾಮೇ ಮುಳುಗಿಹೋಯಿತು. ಡ್ಯಾಮನ್ನೂ ಬಿಡದ ನೀರು ಊರುಗಳನ್ನು ಬಿಡುತ್ತದೆಯೇ? ಮನೆ, ಗದ್ದೆ, ಅಡಿಕೆ ತೋಟ, ದೇವಸ್ಥಾನ, ಶಾಲೆ ಎಲ್ಲ ಹೋಯಿತು. ಇನ್ನೊಂದು ಕಡೆ ಶರಾವತಿ ವಿದ್ಯುದಾಗಾರ ಎದ್ದಿತು. ಹತ್ತು ಯಂತ್ರ, 1,035 ಮೆಗಾವ್ಯಾಟ್. ಎಷ್ಟೋ ವರ್ಷ ರಾಜ್ಯದ ದೀಪ ಉರಿದದ್ದು ಈ ನೀರಿನಿಂದ. ನೆಲ ಕಳೆದುಕೊಂಡವರಿಗೆ ನಮ್ಮಲ್ಲಿ ಒಂದು ಹೆಸರು ಉಳಿಯಿತು, ‘ಮುಳುಗಡೆಯವರು’. ಜಾತಿಯ ಹೆಸರಿನ ಹಾಗೆ, ಮನೆತನದ ಹೆಸರಿನ ಹಾಗೆ. ಮದುವೆ ಮಾತುಕತೆಯಲ್ಲಿ ‘ಅವರು ಮುಳುಗಡೆಯವರು’ ಎಂದು ಹೇಳುವುದನ್ನು ನಾನು ಚಿಕ್ಕವಳಿದ್ದಾಗ ಎಷ್ಟು ಸಲ ಕೇಳಿದ್ದೇನೋ.

ಡಿಸೋಜ ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿ ಮಾಡಿದವರು. ಸರ್ಕಾರದ ಕೆಲಸದಲ್ಲಿ ಇದ್ದುಕೊಂಡೇ ಈ ಸೀಮೆಯ ಕತೆ ಬರೆದರು. ‘ಮುಳುಗಡೆ’, ‘ದ್ವೀಪ’. ಹೆಸರು ಕೇಳಿದರೇ ಸಾಕು, ಏನು ವಿಷಯ ಎಂದು ಗೊತ್ತಾಗುತ್ತದೆ. ‘ದ್ವೀಪ’ವನ್ನು ತೀರ್ಥಹಳ್ಳಿ ಕಡೆಯವರೇ ಆದ ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದರು. ಅದಕ್ಕೆ 2001ರ ಅತ್ಯುತ್ತಮ ಚಿತ್ರ ಎಂಬ ರಾಷ್ಟ್ರಪ್ರಶಸ್ತಿ ಬಂತು. ಮಕ್ಕಳಿಗೂ ಇದೇ ಕತೆ ಹೇಳಬೇಕು ಎಂದು ‘ಮುಳುಗಡೆಯ ಊರಿಗೆ ಬಂದವರು’ ಬರೆದರು. ನನ್ನ ತರಗತಿಯಲ್ಲಿ ಆ ಪುಸ್ತಕ ಓದಿಸಿದ್ದೇನೆ. ಓದುತ್ತಾ ಓದುತ್ತಾ ಒಬ್ಬ ಹುಡುಗ ಎದ್ದುನಿಂತು, “ಟೀಚರ್, ಇದು ನಮ್ಮ ಅಜ್ಜನ ಊರಿನ ಕತೆಯಾ?” ಎಂದ. ಅಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ಬರೆದು ಸುಮ್ಮನೆ ಕೂತವರಲ್ಲ ಅವರು. 2019ರಲ್ಲಿ ಶರಾವತಿ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಎದ್ದಿತ್ತು, ನೆನಪಿದೆಯಾ? ಆಗ ಎಂಬತ್ತು ದಾಟಿದ್ದ ಈ ಹಿರಿಯರೇ ಹೋರಾಟದ ಮುಂದೆ ನಿಂತರು. ಅವರು ಹೋದ ದಿನ ನನಗೆ ಅನ್ನಿಸಿದ್ದು ಇಷ್ಟು: ಶರಾವತಿ ಹಿನ್ನೀರಿಗೆ ಕಟ್ಟುತ್ತಿದ್ದ ಸೇತುವೆ ಆಗುವುದನ್ನು ನೋಡಿಕೊಂಡು ಹೋಗಬೇಕಿತ್ತು. ಇನ್ನು ಆರೇ ತಿಂಗಳು.

ಅದೇ ವಾರ ಇನ್ನೊಂದು ಸುದ್ದಿ ಬಂತು. ಜನವರಿ 8ರಂದು ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಎದುರು ಶರಣಾದರು. ಫೆಬ್ರವರಿ ಮೊದಲ ವಾರದಲ್ಲಿ ಇನ್ನಿಬ್ಬರು ಹೊರಗೆ ಬಂದರು. ಅಲ್ಲಿಗೆ ಮಲೆನಾಡಿನ ಕಾಡಿನಲ್ಲಿ ಎರಡು ದಶಕಕ್ಕೂ ಹೆಚ್ಚು ನಡೆದ ಒಂದು ಅಧ್ಯಾಯ ಮುಚ್ಚಿತು.

ಬಯಲುಸೀಮೆಯವರಿಗೆ ಇದು ಪೊಲೀಸ್ ಸುದ್ದಿ. ಆಗುಂಬೆ, ಶೃಂಗೇರಿ, ಕೊಪ್ಪದ ಕಡೆಯವರಿಗೆ ಹಾಗಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನ ಎಂದು ಗೆರೆ ಎಳೆದಾಗ, ಅದರೊಳಗಿದ್ದ ಗಿರಿಜನರಿಗೆ ಮನೆ ಬಿಡಬೇಕಾದ ಭಯ ಹತ್ತಿತು. ಆ ಭಯದಲ್ಲಿ ಹುಟ್ಟಿದ ಸಿಟ್ಟು ಎಲ್ಲಿಗೋ ಹೋಗಿ ಮುಟ್ಟಿತು. 2003ರಲ್ಲಿ ಈದು, 2005ರಲ್ಲಿ ಮೆಣಸಿನಹಾಡ್ಯ, ಎರಡೂ ಕಡೆ ಪೊಲೀಸರ ಎನ್‌ಕೌಂಟರ್. ಸತ್ತವರ ಪಟ್ಟಿಯಲ್ಲಿ ಕಾಡಿನ ಹುಡುಗ ಹುಡುಗಿಯರಿದ್ದರು, ಪೊಲೀಸರಿದ್ದರು, ಊರಿನ ಸಾಮಾನ್ಯರೂ ಇದ್ದರು. ನನ್ನ ಅಕ್ಕನನ್ನು ಕೊಟ್ಟದ್ದು ಆಗುಂಬೆ ಕಡೆಯ ಒಂಟಿ ಮನೆಗೆ. ಆ ವರ್ಷಗಳಲ್ಲಿ ಕತ್ತಲಾದ ಮೇಲೆ ನಾಯಿ ಬೊಗಳಿದರೆ ಮನೆಯವರೆಲ್ಲ ಉಸಿರು ಹಿಡಿದು ಕೂರುತ್ತಿದ್ದರಂತೆ. ಬಂದವರು ಯಾರೇ ಆಗಲಿ, ಮಾರನೇ ದಿನ ಉತ್ತರ ಹೇಳಬೇಕಾದವರು ಮನೆಯವರು. ಜನವರಿಯಲ್ಲಿ ಟೀವಿ ನೋಡುತ್ತಾ ಅಕ್ಕ ಫೋನಿನಲ್ಲಿ, “ಅಂತೂ ಆ ಮಕ್ಕಳು ಬದುಕಿಕೊಂಡವು ಕಣೇ” ಎಂದಳು. ಅವಳ ಬಾಯಲ್ಲಿ ಬಂದ ಮೊದಲ ಮಾತು ಅದು. ಬಂದೂಕು ಕೆಳಗಿಳಿಯಿತು, ಒಳ್ಳೆಯದೇ ಆಯಿತು. ಕಾಡಿನೊಳಗಿನ ಮನೆಗೆ ಹಕ್ಕುಪತ್ರ, ರಸ್ತೆ, ಕರೆಂಟು ಬೇಕೆಂಬ ಬೇಡಿಕೆಯನ್ನು ಕೆಳಗಿಡುವ ಹಾಗಿಲ್ಲ.

ಏಪ್ರಿಲ್ 22ರ ಬಗ್ಗೆ ನಾನು ಹೆಚ್ಚು ಹೇಳಲಾರೆ. ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದರು. ಅವರಲ್ಲಿ ಒಬ್ಬರು ನಮ್ಮ ಶಿವಮೊಗ್ಗದವರು. ಹೆಂಡತಿ ಮಗನ ಜೊತೆ ರಜೆಗೆ ಹೋದವರು. ಅವರನ್ನು ಊರಿಗೆ ತಂದ ದಿನ ಶಿವಮೊಗ್ಗದ ಬೀದಿಗಳಲ್ಲಿ ನಿಂತ ಜನ ನೋಡಿದ್ದೀರಲ್ಲ. ಯಾರಿಗೂ ಯಾರ ಹತ್ತಿರವೂ ಮಾತಾಡುವ ಶಕ್ತಿ ಇರಲಿಲ್ಲ.

ಇನ್ನು ಮೇ ತಿಂಗಳಿಗೆ ಬರುತ್ತೇನೆ. ಇದನ್ನು ಹೇಳುವಾಗ ನನಗೆ ಇವತ್ತಿಗೂ ಮೈ ಜುಮ್ ಎನ್ನುತ್ತದೆ. ಮೇ 20ರ ರಾತ್ರಿ ಲಂಡನ್ನಿನಲ್ಲಿ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬುಕರ್ ಪ್ರಶಸ್ತಿ ಬಂತು. ಅವರ 12 ಕತೆಗಳನ್ನು ಮಡಿಕೇರಿಯ ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ ಪುಸ್ತಕಕ್ಕೆ. ಕನ್ನಡದಿಂದ ಹೋದ ಪುಸ್ತಕ ಗೆದ್ದದ್ದು ಇದೇ ಮೊದಲು. ಆ ಪ್ರಶಸ್ತಿ ಒಂದು ಕಥಾಸಂಕಲನಕ್ಕೆ ಸಿಕ್ಕಿದ್ದೂ ಇದೇ ಮೊದಲು. ತೀರ್ಥಹಳ್ಳಿಯ ಅನಂತಮೂರ್ತಿಯವರು 2013ರಲ್ಲಿ ಕೊನೆಯ ಸುತ್ತಿನವರೆಗೆ ಹೋಗಿದ್ದರು. ಹನ್ನೆರಡು ವರ್ಷದ ಮೇಲೆ ಹಾಸನದ ಒಬ್ಬ ಹೆಣ್ಣುಮಗಳು ಅದನ್ನು ಮನೆಗೆ ತಂದರು. 50,000 ಪೌಂಡ್ ಹಣವನ್ನು ಬರೆದವರಿಗೂ ಅನುವಾದ ಮಾಡಿದವರಿಗೂ ಸಮನಾಗಿ ಹಂಚುತ್ತಾರೆ. ಆ ನಿಯಮ ನನಗೆ ಬಹಳ ಹಿಡಿಸಿತು. ಅನುವಾದ ಮಾಡಿದವರ ಹೆಸರನ್ನು ಹೊದಿಕೆಯ ಮೇಲೂ ಹಾಕದ ಪುಸ್ತಕ ನಮ್ಮಲ್ಲಿ ಎಷ್ಟಿಲ್ಲ!

ಹಾಸನದವರು, ಸರಿ. ಆದರೆ ಅವರ ಕನ್ನಡ ಶುರುವಾದದ್ದು ಶಿವಮೊಗ್ಗದಲ್ಲಿ. ಎಂಟು ವರ್ಷದ ಹುಡುಗಿಯನ್ನು ಅಪ್ಪ ಇಲ್ಲಿನ ಒಂದು ಕನ್ನಡ ಮಾಧ್ಯಮದ ಮಿಷನರಿ ಶಾಲೆಗೆ ಸೇರಿಸಲು ಕರೆತಂದರು. ಮನೆಯಲ್ಲಿ ಉರ್ದು. ಆರು ತಿಂಗಳೊಳಗೆ ಕನ್ನಡ ಓದಿ ಬರೆಯಲು ಕಲಿಯಬೇಕು ಎಂಬ ಷರತ್ತಿನ ಮೇಲೆ ಶಾಲೆಯವರು ಸೇರಿಸಿಕೊಂಡರು. ಹುಡುಗಿಗೆ ಆರು ತಿಂಗಳು ಬೇಕಾಗಲಿಲ್ಲ. ಕೆಲವೇ ದಿನಗಳಲ್ಲಿ ಬರೆಯಲು ಶುರು ಮಾಡಿದಳು.

ನಾನು ಟೀಚರ್ ಆಗಿದ್ದವಳು. ಈ ಸಂಗತಿ ಓದಿದಾಗ ನನಗೆ ಪ್ರಶಸ್ತಿಗಿಂತ ಆ ಮೊದಲ ದಿನಗಳೇ ಕಣ್ಣಿಗೆ ಕಟ್ಟಿದವು. ಸ್ಲೇಟು ಹಿಡಿದು ‘ಅ’ ತಿದ್ದುವ ಹುಡುಗಿ. ನನ್ನ ತರಗತಿಗಳಲ್ಲೂ ಮನೆಯಲ್ಲಿ ಬೇರೆ ಭಾಷೆ ಆಡುವ ಮಕ್ಕಳು ಇದ್ದೇ ಇರುತ್ತಿದ್ದರು. ಉರ್ದು, ಕೊಂಕಣಿ, ತಮಿಳು, ಲಂಬಾಣಿ. ಅವರು ಬರೆದ ಪ್ರಬಂಧದಲ್ಲಿ ಕೆಂಪು ಗೆರೆ ಎಳೆಯುವುದೇ ನಮಗೆ ದೊಡ್ಡ ಕೆಲಸವಾಗಿತ್ತು. ಒತ್ತಕ್ಷರ ತಪ್ಪು, ಮಹಾಪ್ರಾಣ ತಪ್ಪು. ಆ ಪ್ರಬಂಧದೊಳಗೆ ಏನಿತ್ತು ಎಂದು ಎಷ್ಟು ಸಲ ನೋಡಿದೆವು? ಮೇ 21ರ ಬೆಳಿಗ್ಗೆ ಒಬ್ಬ ಹಳೇ ವಿದ್ಯಾರ್ಥಿನಿ ಫೋನ್ ಮಾಡಿದಳು. ಈಗ ಮೂರು ಮಕ್ಕಳ ತಾಯಿ, ಬಟ್ಟೆ ಹೊಲಿದು ಜೀವನ ಮಾಡುತ್ತಾಳೆ. “ಟೀಚರ್, ನಮ್ಮ ಮನೆಯ ಹೆಂಗಸರ ಮಾತು ಅಷ್ಟು ದೂರ ಹೋಯಿತಲ್ಲ” ಎಂದು ಅತ್ತಳು. ನಾನೂ ಅತ್ತೆ. ಪ್ರಶಸ್ತಿ ಪಡೆದ ಕತೆಗಳ ಒಳಗಿರುವುದು ಇಂಥ ಹೆಂಗಸರೇ. ಕಟ್ಟಿಗೆ ಒಲೆ, ಮಕ್ಕಳು, ಗಂಡನ ಎರಡನೇ ಮದುವೆ, ಮಸೀದಿಯ ಕಮಿಟಿ. ದೀಪಾ ಅವರು ಆ ಮಾತುಗಳನ್ನು ಇಂಗ್ಲಿಷಿನಲ್ಲೂ ಹಾಗೇ ಬಿಟ್ಟರು. ಅಡಿಟಿಪ್ಪಣಿ ಹಾಕಲಿಲ್ಲ, ಓರೆ ಅಕ್ಷರದಲ್ಲಿ ಬೇರೆ ಮಾಡಿ ತೋರಿಸಲಿಲ್ಲ. ಓದುವವರೇ ನಮ್ಮ ಬಳಿಗೆ ಬರಲಿ ಎನ್ನುವ ಆ ಧೈರ್ಯಕ್ಕೆ ನನ್ನ ನಮಸ್ಕಾರ.

ಸೆಪ್ಟೆಂಬರ್ 22ರಂದು ಮೈಸೂರು ದಸರಾ ಉದ್ಘಾಟನೆ ಮಾಡಿದವರೂ ಅವರೇ. ಅದಕ್ಕೆ ತಕರಾರು ಎದ್ದು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕೋರ್ಟು ಆ ತಕರಾರನ್ನು ಒಪ್ಪಲಿಲ್ಲ. ಕನ್ನಡದಲ್ಲೇ ಹೆಸರು ಮಾಡಿದ ಒಬ್ಬರು ಕನ್ನಡ ನಾಡಿನ ಹಬ್ಬಕ್ಕೆ ದೀಪ ಹಚ್ಚಲು ಕೋರ್ಟಿನ ಮಾತು ಬೇಕಾಯಿತಲ್ಲ, ಅದು ನನಗೆ ನೋವಾದ ವಿಷಯ.

ಅದೇ ಮೇ ತಿಂಗಳಲ್ಲಿ ಮಳೆ ಬಂತು. ಮಲೆನಾಡಿನವರಿಗೆ ಮಳೆಗಿಂತ ದೊಡ್ಡ ಸುದ್ದಿ ಯಾವುದಿದೆ? ಮೇ 24ಕ್ಕೇ ಮುಂಗಾರು ಕೇರಳ ಮುಟ್ಟಿತು. 2009ರ ಮೇಲೆ ಇಷ್ಟು ಬೇಗ ಬಂದದ್ದು ಇದೇ. ಎರಡು ದಿನದಲ್ಲಿ ನಮ್ಮ ಅಂಗಳದಲ್ಲೂ ನೀರು. ಒಣ ಎಲೆಯ ದರಕು ಕೊಟ್ಟಿಗೆ ಸೇರಿರಲಿಲ್ಲ, ಕಟ್ಟಿಗೆ ಒಳಗೆ ಬಂದಿರಲಿಲ್ಲ, ಹಪ್ಪಳ ಒಣಗಿರಲಿಲ್ಲ. ಅಡಿಕೆ ತೋಟ ಇದ್ದವರ ಕಷ್ಟ ಬೇರೆಯೇ. ಕೊಳೆರೋಗಕ್ಕೆ ಮೊದಲ ಸಲದ ಔಷಧಿಯನ್ನು ಮಳೆ ಹಿಡಿಯುವ ಮುಂಚೆ ಹೊಡೆಯಬೇಕು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ನಮ್ಮ ಅಜ್ಜಂದಿರ ಕಾಲದಿಂದ ಅದೇ ಲೆಕ್ಕ. ಆದರೆ ಹೊಡೆದದ್ದು ಗೊನೆಯ ಮೇಲೆ ಒಣಗಲು ಬಿಸಿಲು ಬೇಕು. ಈ ಸಲ ಬಿಸಿಲೇ ಇಲ್ಲ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರು ಸಿಗುವುದೂ ಕಷ್ಟ, ಸಿಕ್ಕ ದಿನ ಮಳೆ. ಎರಡನೇ ಸಲ ಹೊಡೆಯುವ ಹೊತ್ತಿಗೆ ಮರದ ಬುಡದಲ್ಲಿ ಎಳೆಕಾಯಿ ಹಾಸಿಬಿದ್ದಿತ್ತು. ಎಲೆಚುಕ್ಕಿ ರೋಗದಿಂದ ಮೊದಲೇ ಸೊರಗಿದ ತೋಟಕ್ಕೆ ಇದೂ ಸೇರಿತು. ಅಡಿಕೆಗೆ ರೇಟು ಇದೆ ಎಂದು ಪೇಟೆಯವರು ಹೇಳುತ್ತಾರೆ. ರೇಟು ಇದ್ದರೆ ಸಾಕೇ? ಮರದಲ್ಲಿ ಕಾಯಿ ಇರಬೇಕಲ್ಲ.

ಜೂನ್ 3ರ ರಾತ್ರಿ ಆರ್‌ಸಿಬಿ ಗೆದ್ದಾಗ ನಮ್ಮ ಬೀದಿಯಲ್ಲೂ ಪಟಾಕಿ ಹೊಡೆದರು. ಹದಿನೆಂಟು ವರ್ಷ ಕಾದು ಕಾದು, ಅಹಮದಾಬಾದಿನಲ್ಲಿ ಆರೇ ಆರು ರನ್ನಿನಿಂದ ಗೆದ್ದದ್ದು. ಮಕ್ಕಳ ಖುಷಿ ನೋಡಿ ನನಗೂ ಖುಷಿಯಾಯಿತು. ಮಾರನೇ ದಿನ ಸಂಜೆ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟಿನಲ್ಲಿ ಕಾಲ್ತುಳಿತವಾಗಿ 11 ಜನ ಸತ್ತರು. ಹೆಚ್ಚಿನವರು ಚಿಕ್ಕ ವಯಸ್ಸಿನವರು. ಬೆಳಿಗ್ಗೆ ಮನೆಯಲ್ಲಿ ಹೇಳಿ ಹೋದವರೋ, ಹೇಳದೇ ಹೋದವರೋ. ಅವತ್ತಿನ ಪೇಪರನ್ನು ಈಗ ಮತ್ತೆ ತೆಗೆದು ನೋಡಲು ನನ್ನಿಂದ ಆಗಲಿಲ್ಲ. ಮಡಚಿ ಇಟ್ಟುಬಿಟ್ಟೆ.

ಈಗ ಸೇತುವೆ.

ಜುಲೈ 14, ಸೋಮವಾರ. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆಯನ್ನು ಕೇಂದ್ರ ಸಚಿವ ನಿತಿನ್ ಗಡ್ಕರಿ ಉದ್ಘಾಟನೆ ಮಾಡಿದರು. ಉದ್ದ 2.44 ಕಿಲೋಮೀಟರ್. ಖರ್ಚು ಸುಮಾರು 473 ಕೋಟಿ ರೂಪಾಯಿ. 2018ರ ಫೆಬ್ರವರಿಯಲ್ಲಿ ಅಡಿಗಲ್ಲು ಹಾಕಿದ್ದರು. ನಡುವೆ ಕಂಬಗಳಿಂದ ಕೇಬಲ್ ಇಳಿಬಿಟ್ಟು ಎತ್ತಿ ಹಿಡಿದ ಭಾಗವಿದೆ. ಉದ್ಘಾಟನೆಗೆ ಯಾರನ್ನು ಯಾವಾಗ ಕರೆದರು, ಕರೆಯಲಿಲ್ಲ ಎಂದು ಎರಡೂ ಸರ್ಕಾರಗಳ ನಡುವೆ ಜಗಳವಾಯಿತು. ಹೊಳೆಯಾಚೆಯವರಿಗೆ ಅದೆಲ್ಲ ಬೇಕಿರಲಿಲ್ಲ. ಅವರು ನಡೆದುಕೊಂಡೇ ಸೇತುವೆ ದಾಟಿದರು. ವಯಸ್ಸಾದವರು ನಡುವೆ ನಿಂತು ನೀರಿನ ಕಡೆ ಕೈ ಮಾಡಿ, ನಮ್ಮ ಮನೆ ಅಲ್ಲಿತ್ತು, ಗದ್ದೆ ಇಲ್ಲಿತ್ತು ಎಂದು ಮೊಮ್ಮಕ್ಕಳಿಗೆ ತೋರಿಸಿದರು.

ನಾನು ನಾಲ್ಕು ವರ್ಷ ಹೊಳೆಯಾಚೆಯ ಶಾಲೆಯಲ್ಲಿ ಪಾಠ ಮಾಡಿದ್ದೇನೆ. ಜನರನ್ನೂ ವಾಹನಗಳನ್ನೂ ಹಿನ್ನೀರು ದಾಟಿಸುತ್ತಿದ್ದ ಲಾಂಚ್ ಎಂದರೆ ಏನೆಂದು ಬೇರೆ ಊರಿನವರಿಗೆ ವಿವರಿಸುವುದು ಕಷ್ಟ. ಸಿಗಂದೂರಿಗೆ ಬಂದ ಭಕ್ತರಿಗೆ ಅದೊಂದು ಖುಷಿಯ ಪಯಣ. ಬಸ್ಸೇ ದೋಣಿ ಹತ್ತುತ್ತದೆ ಎಂದು ಫೋಟೋ ತೆಗೆದುಕೊಳ್ಳುತ್ತಿದ್ದರು. ತುಮರಿ, ಬ್ಯಾಕೋಡಿನವರಿಗೆ ಅದು ಗಡಿಯಾರ. ಕರೂರು, ಭಾರಂಗಿ ಹೋಬಳಿಯ ಇಡೀ ಜೀವನ ಲಾಂಚಿನ ಹೊತ್ತಿಗೆ ಕಟ್ಟಿಕೊಂಡಿತ್ತು. ಸಾಗರದ ಪೇಟೆಯಲ್ಲಿ ಸಾಮಾನು ಕಟ್ಟಿಸುವಾಗಲೂ ಕಣ್ಣು ವಾಚಿನ ಮೇಲೆ. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಈಚೆ ದಡದಲ್ಲೇ ರಾತ್ರಿ. ಇಲ್ಲದಿದ್ದರೆ ಕೋಗಾರಿನ ಮೇಲೆ ಕಾಡುದಾರಿ ಸುತ್ತಿಕೊಂಡು ಹೋಗಬೇಕಿತ್ತು. ಮಳೆ ಗಾಳಿ ಜೋರಾದರೆ ಲಾಂಚ್ ನಿಲ್ಲುತ್ತಿತ್ತು. ಬೇಸಿಗೆಯಲ್ಲಿ ನೀರು ಇಳಿದರೆ ವಾಹನ ಹತ್ತಿಸುತ್ತಿರಲಿಲ್ಲ. ನೀರು ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ.

ಒಂದು ರಾತ್ರಿಯ ಮಾತು ಹೇಳುತ್ತೇನೆ. ನಾನು ಬಾಡಿಗೆಗಿದ್ದ ಮನೆಯ ಪಕ್ಕದಲ್ಲಿ ಒಬ್ಬಳು ಬಸುರಿ ಹೆಂಗಸು. ನೋವು ಶುರುವಾದದ್ದು ರಾತ್ರಿ ಹತ್ತಕ್ಕೆ. ಲಾಂಚ್ ಇಲ್ಲ. ಜೀಪ್ ಹುಡುಕಿ, ಕಾಡುದಾರಿಯಲ್ಲಿ ಹೊರಟೆವು. ನಾನೂ ಜೊತೆಗೆ ಹೋದೆ. ಎದುರಿಗೇ, ನೀರಿನ ಆಚೆಗೆ, ಸಾಗರದ ಕಡೆಯ ದೀಪ ಕಾಣುತ್ತಿತ್ತು. ಅಷ್ಟು ಹತ್ತಿರ. ನಾವು ಅದಕ್ಕೆ ಬೆನ್ನು ಹಾಕಿ ಬೇರೆ ದಿಕ್ಕಿಗೆ ಹೋಗುತ್ತಿದ್ದೆವು. ತಾಯಿ ಉಳಿದಳು. ಮಗು ಉಳಿಯಲಿಲ್ಲ. ಯಾರನ್ನು ಬೈಯುವುದು? ಆ ದೀಪ ಉರಿಯುವುದು ಇದೇ ನೀರಿನಿಂದ ಎಂದು ಮಾತ್ರ ಅವತ್ತು ನನಗೆ ಹೊಳೆಯಿತು. ಅದನ್ನು ಮರೆಯಲು ಇವತ್ತಿಗೂ ಆಗಿಲ್ಲ.

ಉದ್ಘಾಟನೆಯಾಗಿ ವಾರದ ಮೇಲೆ ನಾನು ಆಟೋದಲ್ಲಿ ಸೇತುವೆ ದಾಟಿದೆ. ಐದು ನಿಮಿಷವೂ ಆಗಲಿಲ್ಲ. ಆಚೆ ದಡದಲ್ಲಿ ಇಳಿದು ಆ ಮನೆಗೆ ಹೋದೆ. ಅವಳು ನನ್ನನ್ನು ಕಂಡು, “ಎಷ್ಟು ಗಂಟೆಗೆ ಹೊರಟಿರಿ ಟೀಚರ್?” ಎಂದು ಕೇಳಿದಳು. ಲಾಂಚಿನ ಕಾಲದ ಪ್ರಶ್ನೆ ಅದು. ಕೇಳಿದ ಮೇಲೆ ಅವಳಿಗೇ ನೆನಪಾಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತೆವು. ಊಟ ಮಾಡಿಸಿದಳು. ಕತ್ತಲಾದ ಮೇಲೆ ಹೊರಟೆ. ಆ ಊರಿನಿಂದ ಕತ್ತಲಾದ ಮೇಲೆ, ಅವಸರವಿಲ್ಲದೆ ಹೊರಟದ್ದು ನನ್ನ ಬದುಕಿನಲ್ಲೇ ಮೊದಲು.

1964ರಿಂದ 2025. ಅರವತ್ತೊಂದು ವರ್ಷ. ಸೇತುವೆಯನ್ನು ಹೊಗಳುವವರ ಜೊತೆ ನಾನೂ ಸೇರುತ್ತೇನೆ, ಕಟ್ಟಿದ ಕೂಲಿಯವರಿಗೆ, ಎಂಜಿನಿಯರುಗಳಿಗೆ ಕೈ ಮುಗಿಯುತ್ತೇನೆ. ಆದರೆ ಇದನ್ನು ಕೊಡುಗೆ ಎಂದು ಯಾರಾದರೂ ಹೇಳಿದರೆ ಒಪ್ಪುವುದಿಲ್ಲ. ಇದು ಬಾಕಿ. ಬಹಳ ತಡವಾಗಿ ಬಂದ ಬಾಕಿ. ಮುಳುಗಡೆಯವರ ಹಕ್ಕುಪತ್ರದ ಬಾಕಿ ಇನ್ನೂ ಹಾಗೇ ಇದೆ. ಮೂರನೇ ತಲೆಮಾರು ಕಚೇರಿಯಿಂದ ಕಚೇರಿಗೆ ಫೈಲು ಹಿಡಿದು ತಿರುಗುತ್ತಿದೆ.

ಅದೇ ಜುಲೈ 14ರ ಬೆಳಿಗ್ಗೆ ಬೆಂಗಳೂರಿನಲ್ಲಿ ಬಿ. ಸರೋಜಾದೇವಿ ತೀರಿಕೊಂಡಿದ್ದರು. ಟೀವಿಯಲ್ಲಿ ಒಂದು ಕಡೆ ಸೇತುವೆ, ಇನ್ನೊಂದು ಕಡೆ ಕಿತ್ತೂರು ಚೆನ್ನಮ್ಮನ ವೇಷದ ಆ ಮುಖ. ನಮ್ಮ ಅಮ್ಮ ಇದ್ದಿದ್ದರೆ ಅವತ್ತು ಯಾವ ಚಾನೆಲ್ ನೋಡುತ್ತಿದ್ದಳು ಎಂದು ಸುಮ್ನೆ ಯೋಚಿಸಿದೆ.

ಸೇತುವೆಯ ಹೂವಿನ ಹಾರ ಒಣಗಿ ಎರಡು ತಿಂಗಳಾಗಿತ್ತು. ಸೆಪ್ಟೆಂಬರಿನಲ್ಲಿ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಬಗ್ಗೆ ಕಾರ್ಗಲ್‌ನಲ್ಲಿ, ಘಟ್ಟದ ಕೆಳಗೆ ಗೇರುಸೊಪ್ಪೆ ಕಡೆಯಲ್ಲಿ ಅಹವಾಲು ಸಭೆ ನಡೆದವು. ಯೋಜನೆ ಹೀಗಿದೆ. ಮೇಲೆ ತಳಕಳಲೆ ಜಲಾಶಯ, ಕೆಳಗೆ ಗೇರುಸೊಪ್ಪೆ ಜಲಾಶಯ. ವಿದ್ಯುತ್ತು ಹೆಚ್ಚಾಗಿರುವ ಹೊತ್ತಿನಲ್ಲಿ ಕೆಳಗಿನ ನೀರನ್ನು ಪಂಪಿನಿಂದ ಮೇಲಕ್ಕೆತ್ತುವುದು. ಬೇಡಿಕೆ ಜಾಸ್ತಿ ಇರುವ ಹೊತ್ತಿನಲ್ಲಿ ಅದೇ ನೀರನ್ನು ಕೆಳಗೆ ಬಿಟ್ಟು 2,000 ಮೆಗಾವ್ಯಾಟ್ ವಿದ್ಯುತ್ತು ತೆಗೆಯುವುದು. ಎತ್ತಲು ಬೇಕಾಗುವ ವಿದ್ಯುತ್ತು ಇಳಿಸಿದಾಗ ಸಿಗುವುದಕ್ಕಿಂತ ಜಾಸ್ತಿ. ಆದರೂ ಯಾಕೆ ಮಾಡುತ್ತಾರೆ ಎಂದರೆ, ಸೌರ ವಿದ್ಯುತ್ತು ಮಧ್ಯಾಹ್ನ ಹೆಚ್ಚು ಸಿಗುತ್ತದೆ, ಸಂಜೆ ಸಿಗುವುದಿಲ್ಲ. ಮಧ್ಯಾಹ್ನದ್ದನ್ನು ಸಂಜೆಗೆ ಇಟ್ಟುಕೊಳ್ಳುವ ದಾರಿ ಇದು. ಈ ಮಾತಿನಲ್ಲಿ ಹುರುಳಿದೆ, ನಾನು ಇಲ್ಲ ಎನ್ನುವುದಿಲ್ಲ.

ಆದರೆ ಇದನ್ನು ಮಾಡಲು ಹೊರಟಿರುವುದು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದ ಒಳಗೆ. ಸಿಂಗಳೀಕ ನೆಲದ ಮೇಲೆ ನಡೆದು ಹೋಗುವ ಪ್ರಾಣಿಯಲ್ಲ. ಮರದಿಂದ ಮರಕ್ಕೆ ಹಾರಿಕೊಂಡೇ ಅದರ ಬದುಕು. ನಡುವೆ ಒಂದು ಅಗಲ ರಸ್ತೆ ಬಂದರೆ ಸಾಕು, ಆಚೆಯವು ಆಚೆ, ಈಚೆಯವು ಈಚೆ. ಲಾಂಚೂ ಇಲ್ಲ ಅವುಗಳಿಗೆ. ಸಾವಿರಾರು ಮರ ಕಡಿಯಬೇಕು, ಬೆಟ್ಟದೊಳಗೆ ಸುರಂಗ ಕೊರೆಯಬೇಕು. ಜೋರು ಮಳೆಗೆ ಘಟ್ಟದ ರಸ್ತೆ ಕುಸಿಯುವುದನ್ನು ವರ್ಷವರ್ಷ ನೋಡುತ್ತಿರುವವರು ನಾವು.

ಕಾರ್ಗಲ್ ಸಭೆಗೆ ನಾನು ಹೋಗಿದ್ದೆ. ಅಲ್ಲಿ ಮಾತಾಡಿದವರಲ್ಲಿ ಬೇಡ ಎಂದವರೇ ಜಾಸ್ತಿ. ಒಬ್ಬ ಮುದುಕರು ಮೈಕ್ ಹಿಡಿದು ಬಹಳ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, ಹಿಂದಿನ ಸಲ ನಮ್ಮನ್ನು ಯಾರೂ ಕೇಳಲಿಲ್ಲ, ಈ ಸಲ ಕೇಳಲು ಬಂದಿದ್ದೀರಿ, ಅದಕ್ಕೇ ಹೇಳುತ್ತಿದ್ದೇನೆ, ಬೇಡ ಎಂದರು. ಅಷ್ಟೇ ಹೇಳಿ ಕೂತರು. ನಾನು ಆ ದಿನ ಡಿಸೋಜರನ್ನು ಬಹಳ ನೆನೆದೆ. ಮೊದಲ ಸಾಲಿನಲ್ಲಿ ಒಂದು ಕುರ್ಚಿ ಅವರಿಗೇ ಸೇರಬೇಕಿತ್ತು.

ಉಳಿದದ್ದನ್ನು ಬೇಗ ಹೇಳುತ್ತೇನೆ, ನಿಮ್ಮ ಕಾಫಿ ಹೊತ್ತಾಯಿತು. ಸೆಪ್ಟೆಂಬರ್ 24ರಂದು ಎಸ್. ಎಲ್. ಭೈರಪ್ಪ ಹೋದರು. ಅವರ ವಿಚಾರಗಳ ಜೊತೆ ಜಗಳ ಆಡಿದವರು ಈ ಕೋಣೆಯಲ್ಲೇ ಇದ್ದೀರಿ. ನಾನೂ ಆಡಿದ್ದೇನೆ. ಆದರೆ ನನ್ನ ಅತ್ತೆ, ನಾಲ್ಕನೇ ಕ್ಲಾಸು ಓದಿದವರು, ಹಗಲು ಕೆಲಸ ಮುಗಿಸಿ ಚಿಮಣಿ ಬೆಳಕಿನಲ್ಲಿ ಅವರ ದಪ್ಪ ದಪ್ಪ ಕಾದಂಬರಿ ಓದಿ ಮುಗಿಸುತ್ತಿದ್ದರು. ಲೈಬ್ರರಿಯಿಂದ ತಂದುಕೊಡುವುದು ನನ್ನ ಕೆಲಸ. ಓದುವ ಚಟ ಹಿಡಿಸಿದ ಆ ಉಪಕಾರ ದೊಡ್ಡದು.

ಜುಲೈನಲ್ಲಿ ‘ಸು ಫ್ರಂ ಸೋ’, ಅಕ್ಟೋಬರಿನಲ್ಲಿ ‘ಕಾಂತಾರ’ದ ಹಿಂದಿನ ಕತೆ. ಘಟ್ಟದ ಕೆಳಗಿನವರ ಮಾತು, ದೈವ, ನಗು ನೋಡಲು ಜನ ಮಳೆಯಲ್ಲೂ ಥಿಯೇಟರಿಗೆ ಹೋದರು. ನವೆಂಬರ್ 2ರಂದು ನಮ್ಮ ಹೆಣ್ಣುಮಕ್ಕಳು ಕ್ರಿಕೆಟ್ ವಿಶ್ವಕಪ್ ಗೆದ್ದರು. ದಕ್ಷಿಣ ಆಫ್ರಿಕಾದ ಮೇಲೆ 52 ರನ್ನಿನ ಗೆಲುವು. ಮಾರನೇ ದಿನ ನಮ್ಮ ಬೀದಿಯ ಹುಡುಗಿಯೊಬ್ಬಳು ಅಣ್ಣನ ಬ್ಯಾಟ್ ಕಸಿದುಕೊಂಡು ಅಂಗಳಕ್ಕೆ ಇಳಿದಳು. ಕೊಟ್ಟಿಲ್ಲ ಇನ್ನೂ.

ನವೆಂಬರ್ 14ರಂದು ಸಾಲುಮರದ ತಿಮ್ಮಕ್ಕ ಹೋದರು. 114 ವರ್ಷ. ಹುಲಿಕಲ್‌ನಿಂದ ಕುದೂರಿನ ದಾರಿಯಲ್ಲಿ 385 ಆಲದ ಮರ. ಮರ ನೆಡುವವರು ಬಹಳ ಜನ ಇದ್ದಾರೆ, ಜೂನ್ 5ಕ್ಕೆ ಎಲ್ಲ ಶಾಲೆಯಲ್ಲೂ ನೆಡಿಸುತ್ತೇವೆ. ತಿಮ್ಮಕ್ಕ ಮತ್ತು ಅವರ ಗಂಡ ಕೊಡದಲ್ಲಿ ನೀರು ಹೊತ್ತು ಹಾಕಿದರು, ದನ ತಿನ್ನದಂತೆ ಮುಳ್ಳು ಕಟ್ಟಿದರು. ವರ್ಷಗಟ್ಟಲೆ. ಅಂಥವರು ಹೋದ ವರ್ಷದಲ್ಲೇ ನಾವು ಕಡಿಯಲು ಕಣಿವೆಯ ಮರಗಳಿಗೆ ನಂಬರ್ ಹಾಕುವ ಮಾತಾಡುತ್ತಿದ್ದೇವೆ.

(ಮಾತು ಮುಗಿದ ಮೇಲೆ ಪ್ರಶ್ನೆಗೆ ಸ್ವಲ್ಪ ಹೊತ್ತು ಇತ್ತು. ತುಮರಿ ಕಡೆಯಿಂದ ಬಂದ ಪಿಯುಸಿ ಹುಡುಗಿಯೊಬ್ಬಳು ಎದ್ದು ನಿಂತಳು. ಸೇತುವೆ ಇರುವುದರಿಂದಲೇ ಸಂಜೆಯ ಕಾರ್ಯಕ್ರಮಕ್ಕೆ ಬರಲು ಮನೆಯಲ್ಲಿ ಬಿಟ್ಟರಂತೆ. “ಮುಳುಗಿದ ಊರುಗಳ ಹೆಸರು ಎಲ್ಲಾದರೂ ಬರೆದಿಟ್ಟಿದ್ದಾರಾ ಮೇಡಂ? ನಮ್ಮ ಅಜ್ಜಿ ದಿನಾ ಒಂದೊಂದು ಹೆಸರು ಹೇಳುತ್ತಾರೆ” ಎಂದು ಕೇಳಿದಳು.

ಸರ್ಕಾರದ ಕಡತದಲ್ಲಿ ಸರ್ವೆ ನಂಬರ್ ಇರುತ್ತದೆ, ಹೆಸರು ನಿನ್ನ ಅಜ್ಜಿಯ ಹತ್ತಿರವೇ ಇದೆ ಎಂದೆ. ಅಜ್ಜಿ ಹೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆಯಲು ಹೇಳಿದೆ. ಊರಿನ ಹೆಸರು, ಕೇರಿಯ ಹೆಸರು, ಬಾವಿಯ, ಹಳ್ಳದ, ದೊಡ್ಡ ಮರದ ಹೆಸರು. ಕೂಟದವರೂ ಸೇರಿಕೊಂಡರು. ಈ ಸಲ ಮಳೆ ಚೆನ್ನಾಗಿ ಆಗಿರುವುದರಿಂದ ಹಿನ್ನೀರು ಸದ್ಯಕ್ಕೆ ಇಳಿಯುವುದಿಲ್ಲ. ಮೇ ತಿಂಗಳ ಹೊತ್ತಿಗೆ ಮಡೆನೂರು ಡ್ಯಾಮಿನ ಗೋಡೆ ಕಂಡರೆ ಎಲ್ಲರೂ ಒಟ್ಟಿಗೆ ಹೋಗುವುದು ಎಂದಾಗಿದೆ. ಅಜ್ಜಿಯೂ ಬರುತ್ತಾರಂತೆ. ಮುಳುಗಡೆಯ ಹೆಸರುಗಳು ನೆನಪಿರುವ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. ಬರುವಾಗ ತನ್ನಿ.)